ಅಂಗಳಕ್ಕೆ ಬಂದ ಶಾಲೆ: ತಾರಾಬಾಯಿ ಮೋಡಕ್

ನಾನು ಕೂತ ಮೊದಲ ಶಾಲೆಗೆ ಗೋಡೆಯೇ ಇರಲಿಲ್ಲ. ತಿರುಮಕೂಡಲು ನರಸೀಪುರ ತಾಲ್ಲೂಕಿನ ನಮ್ಮೂರಲ್ಲಿ ಮಾರಮ್ಮನ ಗುಡಿಯ ಜಗುಲಿಯೇ ಅಂಗನವಾಡಿ. ಬೆಳಿಗ್ಗೆ ಆಯಾ ಮನೆಮನೆಗೆ ಬಂದು ನಮ್ಮನ್ನು ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದಳು. ಹುಣಸೆಬೀಜದಲ್ಲಿ ಎಣಿಕೆ, ಒಂದಿಷ್ಟು ಹಾಡು, ಹನ್ನೊಂದು ಗಂಟೆಗೆ ಗೋಧಿ ನುಚ್ಚಿನ ಉಪ್ಪಿಟ್ಟು. ತಂಗಿಯನ್ನು ಎತ್ತಿಕೊಂಡು ಬಂದವರನ್ನೂ ಟೀಚರು ಹಿಂದಕ್ಕೆ ಕಳಿಸುತ್ತಿರಲಿಲ್ಲ. ಅಂಗನವಾಡಿ ಎನ್ನುವುದು ನಮ್ಮ ಕಡೆಯದೇ ಮಾತು ಎಂದು ನಾನು ಮದುವೆಯಾಗಿ ಮುಂಬಯಿಗೆ ಬರುವವರೆಗೂ ನಂಬಿದ್ದೆ. ಬೋರಿವಲಿಯಲ್ಲಿ ಪಕ್ಕದ ಮನೆಯ ಆಜಿಯೊಬ್ಬರು ಒಂದು ದಿನ ಮರಾಠಿ ಕಲಿಸುತ್ತಾ, ಅಂಗಣ ಎಂದರೆ ಮನೆಯ ಮುಂದಿನ ಅಂಗಳ, ವಾಡಿ ಎಂದರೆ ತೋಟ, ಕೇರಿ ಎಂದು ಬಿಡಿಸಿ ಹೇಳಿದರು. ಆ ಪದ ಹುಟ್ಟಿದ್ದು ಇಲ್ಲೇ, ನಮ್ಮ ಲೋಕಲ್ ಟ್ರೇನು ಹೋಗುವ ದಾರಿಯಲ್ಲೇ ಎಂದು ಗೊತ್ತಾದದ್ದು ಆಮೇಲೆ.

ನಮ್ಮ ಮಹಿಳಾ ವೇದಿಕೆಯವರು ಒಂದು ವರ್ಷ ಬೋರ್ಡಿಗೆ ಪಿಕ್‌ನಿಕ್ ಹೋಗಿದ್ದೆವು. ಡಹಾಣು ಲೋಕಲ್ ಹಿಡಿದು ಹೋಗಿ, ಗಾಳಿಮರದ ನೆರಳಲ್ಲಿ ಬುತ್ತಿ ಬಿಚ್ಚಿ, ಅಂತ್ಯಾಕ್ಷರಿ ಆಡಿ, ಚೀಲ ತುಂಬ ಚಿಕ್ಕು ಹೊತ್ತು ಸಂಜೆಗೆ ವಾಪಸು. ಆ ದಿನ ತೆಗೆದ ಫೋಟೋಗಳು ಈಗಲೂ ನನ್ನ ಮೊಬೈಲಿನಲ್ಲಿವೆ. ಈ ದೇಶದ ಲಕ್ಷಾಂತರ ಅಂಗನವಾಡಿಗಳಿಗೆ ಹೆಸರು ಕೊಟ್ಟ ಹೆಂಗಸು ಅದೇ ಊರಿಗೆ ಬಂದು ಕೆಲಸ ಆರಂಭಿಸಿದ್ದರು ಎಂದು ನಮ್ಮಲ್ಲಿ ಯಾರೂ ನೆನೆಯಲಿಲ್ಲ. ಆ ಸಂಕೋಚ ನನಗೆ ಇನ್ನೂ ಇದೆ. ಅದಕ್ಕಾಗಿ ಈ ಸಂಚಿಕೆಗೆ ಅಡುಗೆ ಬರೆಯುವುದನ್ನು ಬಿಟ್ಟು ತಾರಾಬಾಯಿ ಮೋಡಕ್ ಅವರ ಕಥೆ ಬರೆಯುತ್ತಿದ್ದೇನೆ.

ತಾರಾಬಾಯಿ ಹುಟ್ಟಿದ್ದು 1892ರ ಏಪ್ರಿಲ್ 19ರಂದು, ಮುಂಬಯಿಯಲ್ಲಿ. ತಂದೆ ಸದಾಶಿವರಾವ್ ಕೇಳ್ಕರ್, ತಾಯಿ ಉಮಾಬಾಯಿ. ಇಬ್ಬರೂ ಪ್ರಾರ್ಥನಾ ಸಮಾಜದವರು. ಉಮಾಬಾಯಿ ವಿಧವೆಯಾಗಿದ್ದವರು, ಸದಾಶಿವರಾಯರು ಅವರನ್ನು ಮದುವೆಯಾದರು. ಇದನ್ನು ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಬಹುದು. ಆದರೆ ಆ ಕಾಲದಲ್ಲಿ ವಿಧವೆಯನ್ನು ಮದುವೆಯಾದ ಮನೆಯೆಂದರೆ ಬಂಧುಬಳಗ ಬಾಗಿಲು ಮುಚ್ಚಿದ ಮನೆ. ಹಬ್ಬಕ್ಕೆ ಕರೆಯುವವರಿಲ್ಲ, ಸಾವಿಗೆ ಹೆಗಲು ಕೊಡುವವರಿಲ್ಲ. ಅಂಥ ಮನೆಯಲ್ಲಿ ಬೆಳೆದ ಹುಡುಗಿಗೆ ನಾಲ್ಕು ಜನ ಏನೆನ್ನುತ್ತಾರೆ ಎನ್ನುವ ಭಯ ಸ್ವಲ್ಪ ಕಡಿಮೆಯೇ ಇದ್ದಿರಬೇಕು. ಮುಂದೆ ಅವರ ಬದುಕಿನಲ್ಲಿ ಅದು ಹೆಜ್ಜೆಹೆಜ್ಜೆಗೂ ಬೇಕಾಯಿತು.

1914ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎ. ಪದವಿ. ಹೆಣ್ಣುಮಕ್ಕಳು ಪದವಿ ಪಡೆಯುವುದು ಆಗ ಬಲು ಅಪರೂಪ. ಆಮೇಲೆ ಅಮರಾವತಿಯ ವಕೀಲರಾದ ಕೃಷ್ಣ ವಿನಾಯಕ ಮೋಡಕರ ಜೊತೆ ಮದುವೆ. 1920ರಲ್ಲಿ ಮಗಳು ಪ್ರಭಾ ಹುಟ್ಟಿದಳು. ಮರುವರ್ಷದ ಹೊತ್ತಿಗೆ ಗಂಡ ಹೆಂಡತಿ ಬೇರೆಯಾಗಿದ್ದರು. ಕಾರಣಗಳನ್ನು ಕೆದಕುವುದು ನನಗೆ ಬೇಡ. ಎಳೆಗೂಸನ್ನು ಎತ್ತಿಕೊಂಡು, 29 ವರ್ಷದ ಹೆಂಗಸು, 1921ರಲ್ಲಿ, ಅಷ್ಟು ದೊಡ್ಡ ಮನೆ ಬಿಟ್ಟು ಹೊರಗೆ ಬಂದರು ಎನ್ನುವುದು ಸಾಕು. ಇವತ್ತು ಅಂಥ ಮಗಳು ನಮ್ಮ ಬಿಲ್ಡಿಂಗಿಗೆ ಬಾಡಿಗೆಗೆ ಬಂದರೆ ಲಿಫ್ಟಿನಲ್ಲಿ ನಾವೇ ಏನೇನು ಕೇಳುತ್ತೇವೆಂದು ಎಲ್ಲರಿಗೂ ಗೊತ್ತು.

ರಾಜಕೋಟೆಯ ಬಾರ್ಟನ್ ಮಹಿಳಾ ಟ್ರೇನಿಂಗ್ ಕಾಲೇಜಿನಲ್ಲಿ ಪ್ರಿನ್ಸಿಪಾಲರ ಕೆಲಸ ಸಿಕ್ಕಿತು. ಅಲ್ಲಿಯವರೆಗೆ ಆಂಗ್ಲ ಮಹಿಳೆಯರು ಕೂರುತ್ತಿದ್ದ ಕುರ್ಚಿ ಅದು. ಒಳ್ಳೆಯ ಸಂಬಳ, ಬಂಗಲೆ, ಊರಿನಲ್ಲಿ ಮರ್ಯಾದೆ. ಗಂಡನಿಂದ ಬೇರೆಯಾಗಿ ಬಂದವರಿಗೆ ಇದಕ್ಕಿಂತ ಭದ್ರವಾದ ನೆಲೆ ಸಿಗುವುದಿಲ್ಲ. ಅದನ್ನು ಅವರು ಎರಡೇ ವರ್ಷಕ್ಕೆ ಬಿಟ್ಟರು. 1923ರಲ್ಲಿ, ಅದೇ ಕಾಠಿಯಾವಾಡದ ಭಾವನಗರಕ್ಕೆ, ಮೂರು ವರ್ಷದಿಂದ ನಡೆಯುತ್ತಿದ್ದ ಒಂದು ವಿಚಿತ್ರ ಶಾಲೆಗೆ ಟೀಚರಾಗಿ ಹೋದರು.

ಆ ಶಾಲೆ ನಡೆಸುತ್ತಿದ್ದವರು ಗಿಜುಭಾಯಿ ಬಧೇಕಾ. ಅವರೂ ವಕೀಲರಾಗಿದ್ದವರೇ. ಮಗ ಹುಟ್ಟಿದಾಗ, ಈ ಮಗುವನ್ನು ಬೆತ್ತ ಹಿಡಿದು ಕೂತ ಮಾಸ್ತರರ ಶಾಲೆಗೆ ಹೇಗೆ ಕಳಿಸುವುದು ಎಂಬ ಚಿಂತೆ ಹತ್ತಿತು. ಇಟಲಿಯ ಮಾರಿಯಾ ಮಾಂಟೆಸರಿ ಎಂಬ ವೈದ್ಯೆಯ ಬರವಣಿಗೆ ಕೈಗೆ ಸಿಕ್ಕಿತು. ವಕೀಲಿ ಬಿಟ್ಟು 1916ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಎಂಬ ವಿದ್ಯಾಸಂಸ್ಥೆ ಸೇರಿದರು. 1920ರಲ್ಲಿ ಅಲ್ಲಿ ಬಾಲಮಂದಿರ ತೆರೆದರು. ಎರಡೂವರೆ ಮೂರು ವರ್ಷದ ಮಕ್ಕಳಿಗೆ ಶಾಲೆ ಎನ್ನುವುದನ್ನೇ ಆಗ ಜನ ಕೇಳಿರಲಿಲ್ಲ. ಅಲ್ಲಿ ಬೆತ್ತವಿಲ್ಲ, ಮಗ್ಗಿ ಒಪ್ಪಿಸುವುದಿಲ್ಲ, ಪರೀಕ್ಷೆಯಿಲ್ಲ, ಮೊದಲನೆಯವನು ಕೊನೆಯವನು ಎಂಬುದಿಲ್ಲ. ಮಗು ತನಗೆ ಬೇಕಾದ ಸಾಮಾನು ಕಪಾಟಿನಿಂದ ತಾನೇ ತೆಗೆದುಕೊಂಡು, ಚಾಪೆ ಹಾಸಿ ಕೂತು, ಸಾಕೆನ್ನಿಸಿದಾಗ ತಾನೇ ಎತ್ತಿಡಬೇಕು. ಕಥೆ, ಹಾಡು, ನಾಟಕ, ತೋಟದ ಕೆಲಸ. ಗಿಜುಭಾಯಿಯವರನ್ನು ಜನ ಪ್ರೀತಿಯಿಂದ ಮೂಛಾಳಿ ಮಾ ಎಂದು ಕರೆಯುತ್ತಿದ್ದರು. ಮೀಸೆ ಇರುವ ಅಮ್ಮ ಎಂದು ಅರ್ಥ. ಅವರ ದಿವಾಸ್ವಪ್ನ ಎಂಬ ಪುಸ್ತಕ 1932ರಲ್ಲಿ ಬಂತು. ಒಬ್ಬ ಮೇಷ್ಟರು ಸರ್ಕಾರಿ ಶಾಲೆಯ ಒಂದು ತರಗತಿಯನ್ನು ಒಂದು ವರ್ಷ ತನ್ನ ಇಷ್ಟದಂತೆ ನಡೆಸಿ ನೋಡುವ ಕಥೆ ಅದು. ಟೀಚರ್ ಕೆಲಸದಲ್ಲಿರುವ ನಮ್ಮ ಗೆಳತಿಯರು ಅದನ್ನು ಓದದೆ ಇರಬಾರದು.

ಮುಂಬಯಿಯಲ್ಲಿ ಹುಟ್ಟಿದ ಮರಾಠಿ ಮಾತಿನ ಹೆಂಗಸು ಗುಜರಾತಿಗೆ ಹೋಗಿ, ಗುಜರಾತಿ ಕಲಿತು, ಆ ಭಾಷೆಯಲ್ಲೇ ಪಾಠ ಮಾಡಿ, ಗಿಜುಭಾಯಿಯವರ ಜೊತೆ ಶಿಕ್ಷಣ ಪತ್ರಿಕೆ ಎಂಬ ಮಾಸಿಕ ನಡೆಸಿ, ಮಕ್ಕಳಿಗೂ ತಂದೆತಾಯಿಗಳಿಗೂ ಪುಸ್ತಕ ಬರೆದರು. ಪರಭಾಷೆಯ ಊರಿನಲ್ಲಿ ಬಾಳುವೆ ಮಾಡುತ್ತಿರುವ ನಮಗೆ ಇದರ ಕಷ್ಟವೂ ಗೊತ್ತು, ಸುಖವೂ ಗೊತ್ತು. 1926ರಲ್ಲಿ ಇಬ್ಬರೂ ಸೇರಿ ನೂತನ ಬಾಲ ಶಿಕ್ಷಣ ಸಂಘ ಕಟ್ಟಿದರು. ಭಾವನಗರದಲ್ಲಿ ತಾರಾಬಾಯಿ ಕಳೆದದ್ದು ಸುಮಾರು ಒಂಬತ್ತು ವರ್ಷ.

ಇಲ್ಲಿ ಮಾಂಟೆಸರಿ ಬಗ್ಗೆ ಎರಡು ಮಾತು ಹೇಳಲೇಬೇಕು. ಇವತ್ತು ಮುಂಬಯಿಯಲ್ಲಿ ಮಾಂಟೆಸರಿ ಎಂಬ ಬೋರ್ಡು ಕಂಡರೆ ಮೊದಲು ನೆನಪಾಗುವುದು ಫೀಸು. ಆದರೆ ಆಕೆ 1907ರಲ್ಲಿ ತನ್ನ ಮೊದಲ ಮಕ್ಕಳ ಮನೆ ತೆರೆದದ್ದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ. ಅಪ್ಪ ಅಮ್ಮ ಇಬ್ಬರೂ ದುಡಿಯಲು ಹೋದಾಗ ಮೆಟ್ಟಿಲ ಮೇಲೆ ಅಲೆದಾಡುತ್ತಿದ್ದ ಮಕ್ಕಳಿಗಾಗಿ ಅದು ಶುರುವಾಯಿತು. ಆ ಪದ್ಧತಿಯಲ್ಲಿ ಮಗುವಿನ ಕೈಯೇ ಮೊದಲ ಗುರು. ಗುಂಡಿ ಹಾಕುವುದು, ನೀರು ಸುರಿಯುವುದು, ಗಾತ್ರಕ್ಕೆ ತಕ್ಕಂತೆ ಜೋಡಿಸುವುದು, ಉಪ್ಪುಕಾಗದದ ಅಕ್ಷರದ ಮೇಲೆ ಬೆರಳಾಡಿಸುವುದು, ಹೀಗೆ. ಅದಕ್ಕೆಂದು ಮಾಡಿದ ಮರದ ಸಾಮಾನುಗಳು ಅಳತೆ ತಪ್ಪದಂತೆ ಇರಬೇಕು, ಆದ್ದರಿಂದ ದುಬಾರಿ. ಬಡವರ ಮಕ್ಕಳಿಗೆಂದು ಹುಟ್ಟಿದ ಪದ್ಧತಿ ಆ ಸಾಮಾನುಗಳ ಬೆಲೆಯಿಂದಾಗಿ ಉಳ್ಳವರ ಮನೆ ಸೇರಿತು. ಭಾವನಗರದ ಬಾಲಮಂದಿರಕ್ಕೂ ಹೆಚ್ಚಾಗಿ ಬರುತ್ತಿದ್ದವರು ಓದುಬರಹ ಬಲ್ಲ ಮನೆಗಳ ಮಕ್ಕಳೇ. ತಾರಾಬಾಯಿಯವರನ್ನು ಇದು ಕಾಡುತ್ತಿತ್ತು ಎನ್ನುವುದು ಅವರು ಮುಂದೆ ಮಾಡಿದ ಕೆಲಸದಿಂದಲೇ ತಿಳಿಯುತ್ತದೆ.

ಕೂಡಲೇ ಅವರು ಹಳ್ಳಿಗೇನೂ ಹೋಗಲಿಲ್ಲ. 1936ರಲ್ಲಿ ಮುಂಬಯಿಗೆ ಬಂದು ದಾದರ್‌ನಲ್ಲಿ ಶಿಶುವಿಹಾರ ತೆರೆದರು. ದಾದರ್ ಹಿಂದೂ ಕಾಲನಿಯ ಕಡೆ ಓಡಾಡಿದವರಿಗೆ ಆ ಬೋರ್ಡಿನ ಪರಿಚಯ ಇರಬಹುದು. ಮರಾಠಿಯಲ್ಲಿ ಶಿಕ್ಷಣ ಪತ್ರಿಕೆ, ಬಾಲವಾಡಿ ಶಿಕ್ಷಕಿಯರಿಗೆ ತರಬೇತಿ, ಪೋಷಕರಿಗೆ ಸಭೆ. ಮಧ್ಯಮ ವರ್ಗದ ತಾಯಂದಿರು ಮಗುವಿಗೆ ಹೊಡೆಯಬಾರದು, ಹೆದರಿಸಬಾರದು, ಬಲವಂತವಾಗಿ ಉಣಿಸಬಾರದು ಎಂಬುದನ್ನು ಕಲಿತದ್ದರಲ್ಲಿ ಈ ಪತ್ರಿಕೆಯ ಪಾಲು ದೊಡ್ಡದು. ಶಾಲೆಗೆ ಒಳ್ಳೆಯ ಹೆಸರು ಬಂತು. 1939ರಲ್ಲಿ ಮಾಂಟೆಸರಿಯವರೇ ಮದ್ರಾಸಿನ ಅಡಯಾರಿಗೆ ಬಂದರು. ಯುದ್ಧದಿಂದಾಗಿ ಇಲ್ಲೇ ಉಳಿದು ದೇಶದ ಬೇರೆ ಬೇರೆ ಕಡೆಯಿಂದ ಬಂದ ಶಿಕ್ಷಕರಿಗೆ ತರಬೇತಿ ಕೊಟ್ಟರು. ಅದೇ ವರ್ಷ ಜೂನ್‌ನಲ್ಲಿ ಗಿಜುಭಾಯಿ ತೀರಿಕೊಂಡರು. ಸಂಘದ ಹೊರೆ ತಾರಾಬಾಯಿಯವರ ಹೆಗಲಿಗೆ ಬಂತು.

ಗಾಂಧೀಜಿಯವರು 1937ರಲ್ಲಿ ವಾರ್ಧಾದಲ್ಲಿ ನಯೀ ತಾಲೀಮ್ ಯೋಚನೆ ಮುಂದಿಟ್ಟಿದ್ದರು. ಏಳು ವರ್ಷದ ಮೇಲಿನ ಮಕ್ಕಳಿಗೆ ಕೈಕಸುಬಿನ ಮೂಲಕ ಪಾಠ. 1945ರಲ್ಲಿ ಸೇವಾಗ್ರಾಮದ ಸಮ್ಮೇಳನದಲ್ಲಿ ಅದರ ವ್ಯಾಪ್ತಿ ಹಿಗ್ಗಿ, ಏಳು ವರ್ಷದೊಳಗಿನ ಮಕ್ಕಳೂ ಸೇರಿದರು. ಹಳ್ಳಿಯ ಬಡ ಮಗುವಿಗೆ ಪೂರ್ವ ಪ್ರಾಥಮಿಕ ಶಾಲೆ ಹೇಗಿರಬೇಕು? ದಾದರ್‌ನಲ್ಲಿ ಕೂತು ಇದಕ್ಕೆ ಯೋಜನೆ ಬರೆಯಬಹುದಿತ್ತು. ಬರೆದು ಕೊಟ್ಟು ಸುಮ್ಮನಿರುವವರೇ ಹೆಚ್ಚು. ತಾರಾಬಾಯಿ ಗಂಟುಮೂಟೆ ಕಟ್ಟಿದರು. ಆಗ ಅವರಿಗೆ 53 ವರ್ಷ. ನನಗೂ ಈಗ ಅಷ್ಟೇ. ಮೊಣಕಾಲು ನೋವೆಂದು ವಾರದ ಸಭೆಗೆ ಹೋಗಲೂ ಹಿಂದೆಮುಂದೆ ನೋಡುತ್ತೇನೆ.

ಹೊರಡುವ ಮೊದಲು ನಮ್ಮ ಬೋರಿವಲಿಯಲ್ಲೇ ಒಂದು ಘಟನೆ ನಡೆಯಿತು. ಅಲ್ಲಿ ಕಸ್ತೂರಬಾ ಟ್ರಸ್ಟಿನವರು ಗ್ರಾಮಸೇವಿಕೆಯರಿಗೆ ತರಬೇತಿ ಶಿಬಿರ ನಡೆಸಿದ್ದರು. ಶಿಬಿರಕ್ಕೆ ಬಂದಿದ್ದವರಲ್ಲಿ 35 ವರ್ಷದ ಒಬ್ಬ ಶಿಕ್ಷಕಿ ಇದ್ದರು, ಅನುತಾಯಿ ವಾಘ್. ಪುಣೆ ಕಡೆಯ ಮೋರಗಾಂವ್‌ನವರು. ಹದಿಮೂರನೆಯ ವಯಸ್ಸಿಗೆ ಮದುವೆಯಾಗಿ, ಆರು ತಿಂಗಳೊಳಗೆ ವಿಧವೆಯಾಗಿ, ಆಮೇಲೆ ಓದಿ ಶಿಕ್ಷಕಿಯಾದವರು. ತಾರಾಬಾಯಿಯವರು ಹಳ್ಳಿಗೆ ಬರುತ್ತೀರಾ ಎಂದು ಕೇಳಿದರು. ಅನುತಾಯಿ ಇದ್ದ ಕೆಲಸ ಬಿಟ್ಟು ಹೊರಟರು. ಮುಂದಿನ 28 ವರ್ಷ ಈ ಇಬ್ಬರು ಒಂದೇ ಕೆಲಸದಲ್ಲಿ ಇದ್ದರು. ಒಬ್ಬರು ಗಂಡನ ಮನೆ ಬಿಟ್ಟು ಬಂದವರು, ಇನ್ನೊಬ್ಬರಿಗೆ ಗಂಡನ ಮನೆ ಎಂಬುದೇ ಇರಲಿಲ್ಲ. ಸಮಾಜ ಯಾವ ಹೆಂಗಸರನ್ನು ಮಂಗಳಕಾರ್ಯಕ್ಕೆ ಮುಂದೆ ಕೂರಿಸುವುದಿಲ್ಲವೋ ಅಂಥ ಇಬ್ಬರು ನೂರಾರು ಮಕ್ಕಳ ತಲೆ ಬಾಚಿ ಉಗುರು ಕತ್ತರಿಸಲು ಹೊರಟರು.

ಬೋರ್ಡಿ ಆಗ ಠಾಣೆ ಜಿಲ್ಲೆಯ, ಈಗ ಪಾಲಘರ್ ಜಿಲ್ಲೆಯ, ಕಡಲ ಕರೆಯ ಊರು. ತೋಟಗಳಿದ್ದ ಸ್ಥಿತಿವಂತರ ಮನೆಗಳು ಒಂದು ಕಡೆ. ಸ್ವಲ್ಪ ಒಳಗೆ ಹೋದರೆ ಗುಡ್ಡಗಳಲ್ಲಿ ವಾರ್ಲಿ ಜನ. ಗೋಡೆಯ ಮೇಲೆ ಬಿಳಿ ಗೆರೆಯಲ್ಲಿ ಕುಣಿಯುವ ಮನುಷ್ಯರ ಚಿತ್ರ ಬರೆಯುವವರು. ಆ ಚಿತ್ರ ಇವತ್ತು ನಮ್ಮ ಕುರ್ತಾ, ಸೀರೆಯ ಸೆರಗಿನ ಮೇಲೆಲ್ಲ ಇದೆ. ಅವತ್ತು ಆ ಜನ ಇದ್ದ ಸ್ಥಿತಿ ಬೇರೆ. ಮದುವೆಗೆಂದು ಜಮೀನ್ದಾರನಿಂದ ಸಾಲ ತೆಗೆದವನು ಹೆಂಡತಿಯ ಸಮೇತ ಜೀವಮಾನವಿಡೀ ಅವನ ಹೊಲದಲ್ಲಿ ದುಡಿದರೂ ಸಾಲ ತೀರುತ್ತಿರಲಿಲ್ಲ. 1945ರಲ್ಲೇ ಗೋದಾವರಿ ಪರುಳೇಕರ್ ಅವರ ಮುಂದಾಳುತನದಲ್ಲಿ ಡಹಾಣು, ಉಂಬರಗಾಂವ್ ಕಡೆಯ ವಾರ್ಲಿಗಳು ಈ ಜೀತದ ವಿರುದ್ಧ ಎದ್ದು ನಿಂತರು. ಒಂದೇ ವರ್ಷ, ಒಂದೇ ತಾಲ್ಲೂಕು, ಇಬ್ಬರು ಮಹಾರಾಷ್ಟ್ರದ ಹೆಂಗಸರು. ಒಬ್ಬರು ಕೆಂಪು ಬಾವುಟ ಹಿಡಿದು, ಇನ್ನೊಬ್ಬರು ಬಾಚಣಿಗೆ ಹಿಡಿದು. ಯಾರ ಕೆಲಸ ಹೆಚ್ಚು ಎಂದು ತೂಗಿ ನೋಡಲು ನನಗೆ ಮನಸ್ಸಿಲ್ಲ. ಜೀತ ಹೋಗದೆ ಮಗು ಶಾಲೆಗೆ ಬರುವಂತಿರಲಿಲ್ಲ, ಅದು ಮಾತ್ರ ನಿಜ.

1945ರ ಕೊನೆಗೆ ಬೋರ್ಡಿಯಲ್ಲಿ ಗ್ರಾಮ ಬಾಲ ಶಿಕ್ಷಾ ಕೇಂದ್ರ ಆರಂಭವಾಯಿತು. ಊರಿನ ಮಧ್ಯೆ ಒಂದು ಬಾಲವಾಡಿ. ಊರೊಳಗಿನ ಮಕ್ಕಳು ಬಂದರು. ಯಾರಿಗಾಗಿ ಮುಂಬಯಿ ಬಿಟ್ಟು ಬಂದಿದ್ದರೋ ಆ ಹರಿಜನ ಕೇರಿಯ, ಆದಿವಾಸಿ ಪಾಡಾಗಳ ಮಕ್ಕಳು ಬರಲಿಲ್ಲ. ಹೋಗಿ ಕರೆದರು, ಬರಲಿಲ್ಲ. ಕೈಹಿಡಿದು ಕರೆತಂದರು, ಮರುದಿನ ಮತ್ತೆ ಇಲ್ಲ.

ನನಗೆ ಅವರ ಬದುಕಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಗಳಿಗೆ ಇದು. ಇಪ್ಪತ್ತು ವರ್ಷಕ್ಕೂ ಮಿಕ್ಕಿದ ಅನುಭವ, ಹೆಸರು, ಪುಸ್ತಕ, ಪತ್ರಿಕೆ ಎಲ್ಲ ಇರುವವರು ಈ ಜನಕ್ಕೆ ವಿದ್ಯೆ ಬೇಡ ಎಂದು ಹೇಳಿ ಕೈತೊಳೆದುಕೊಳ್ಳುವುದು ಬಲು ಸುಲಭ. ತಾರಾಬಾಯಿ ಮತ್ತು ಅನುತಾಯಿ ಮಕ್ಕಳು ಏಕೆ ಬರುವುದಿಲ್ಲ ಎಂದು ನೋಡಲು ಆ ಕೇರಿಗೇ ಹೋದರು. ಕಾರಣಗಳು ಕಣ್ಣೆದುರಿಗೇ ಇದ್ದವು. ತೊಡಲು ಬಟ್ಟೆಯಿಲ್ಲ. ಊರ ನಡುವಿನ ಕಟ್ಟಡಕ್ಕೆ ಹೋಗಲು ಅಂಜಿಕೆ. ತಲೆಮಾರುಗಳಿಂದ ಆ ಬೀದಿಗೆ ಕಾಲಿಡಲು ಹೆದರಿದವರ ಮಕ್ಕಳು ಅವು. ಅಪ್ಪ ಅಮ್ಮ ಕೂಲಿಗೆ ಹೋದರೆ ಮನೆ ಕಾಯಬೇಕು, ಕೂಸು ನೋಡಬೇಕು, ಮೇಕೆ ಮೇಯಿಸಬೇಕು, ಸೌದೆ ಆರಿಸಬೇಕು. ಮಗು ಶಾಲೆಗೆ ಬರಲಾರದು ಎಂದಾದರೆ ಶಾಲೆಯೇ ಅಲ್ಲಿಗೆ ಹೋಗಬೇಕು. ಹಾಗೆ ಹೋದದ್ದೇ ಅಂಗನವಾಡಿ.

ಕೇರಿಯಲ್ಲಿ ಯಾರದೋ ಮನೆಯ ಮುಂದಿನ ಅಂಗಳ. ಶಿಕ್ಷಕಿ ಬೆಳಿಗ್ಗೆ ಹೋಗಿ ಮೊದಲು ಅದನ್ನು ಗುಡಿಸುತ್ತಾಳೆ. ಮಕ್ಕಳು ನೋಡುತ್ತಾ ನಿಂತು, ಆಮೇಲೆ ತಾವೂ ಕಸಬರಿಕೆ ಹಿಡಿಯುತ್ತವೆ. ಬಾವಿಯಿಂದ ನೀರು ತಂದು ಮುಖ ತೊಳೆಸುವುದು, ತಲೆಗೆ ಎಣ್ಣೆ ಹಚ್ಚಿ ಬಾಚುವುದು, ಉಗುರು ತೆಗೆಯುವುದು, ಹುಣ್ಣಿಗೆ ಔಷಧಿ. ಆಮೇಲೆ ಹಾಡು, ಕಥೆ, ಆಟ. ದೂರದಲ್ಲಿ ಕೂತ ತಾಯಿ ಇದನ್ನೆಲ್ಲ ನೋಡುತ್ತಾಳೆ. ಅವಳಿಗೂ ಅದು ಪಾಠವೇ. ಅಳತೆಯ ಮರದ ಸಾಮಾನು ಅಲ್ಲಿಗೆ ಬರುವಂತಿರಲಿಲ್ಲ, ಬರುವ ಅಗತ್ಯವೂ ಇರಲಿಲ್ಲ. ಬೋರ್ಡಿಯ ಮರಳಿನಲ್ಲಿ ಕಪ್ಪೆಚಿಪ್ಪು ಬೇಕಾದಷ್ಟು. ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಲು ಅವು ಸಾಕು. ಎಣಿಸಲು ಬೀಜ, ಬೆಣಚುಕಲ್ಲು. ನಯ ಒರಟು ತಿಳಿಯಲು ಎಲೆ, ತೊಗಟೆ. ಬಣ್ಣಕ್ಕೆ ಹೂವು. ಬರೆಯಲು ಮರಳು. ತೂಕ ತಿಳಿಯಲು ಜೇಡಿಮಣ್ಣಿನ ಉಂಡೆ. ಮಾಂಟೆಸರಿಯ ತತ್ವ ಕೈಬಿಡದೆ ಅವರ ಸಾಮಾನನ್ನು ಮಾತ್ರ ಹೀಗೆ ಕೈಬಿಡಲು ಆ ತತ್ವ ಎಷ್ಟು ಚೆನ್ನಾಗಿ ಗೊತ್ತಿರಬೇಕು! ನಮ್ಮೂರ ಜಗುಲಿಯ ಹುಣಸೆಬೀಜದ ಮೂಲ ಈ ಕಪ್ಪೆಚಿಪ್ಪು ಎಂದು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಇದರ ಮಧ್ಯೆ 1946ರಿಂದ 1951ರವರೆಗೆ ಅವರು ಮುಂಬಯಿ ಶಾಸನಸಭೆಯ ಸದಸ್ಯೆಯೂ ಆಗಿದ್ದರು. ಅದಕ್ಕಿಂತ ಹೇಳಬೇಕಾದದ್ದು ಕೋಸಬಾಡದ ಕೆಲಸ.

1957ರಲ್ಲಿ ಕೇಂದ್ರ ಬೋರ್ಡಿಯಿಂದ ಒಳನಾಡಿನ ಕೋಸಬಾಡದ ಗುಡ್ಡಕ್ಕೆ ಸ್ಥಳಾಂತರವಾಯಿತು. ತಾರಾಬಾಯಿಗೆ 65. ಸುತ್ತ ವಾರ್ಲಿಗಳ ಗುಡಿಸಲುಗಳು, ಒಂದಕ್ಕೊಂದು ದೂರದೂರ. ಇಲ್ಲಿ ಅಂಗಳದ ಉಪಾಯವೂ ಪೂರ್ತಿ ಸಾಲಲಿಲ್ಲ. ದೊಡ್ಡ ಹುಡುಗಿಯರು, ಎಂಟು ಹತ್ತು ವರ್ಷದವರು, ಸೊಂಟದ ಮೇಲೆ ಕೂಸು ಹೊತ್ತಿರುತ್ತಿದ್ದರು. ಕೂಸಿನ ಜೊತೆ ಶಾಲೆಗೆ ಬಂದರೆ ಅದು ಅಳುತ್ತದೆ, ಪಾಠ ಕೆಡುತ್ತದೆ. ಬಿಟ್ಟು ಬರಲು ಮನೆಯಲ್ಲಿ ಯಾರೂ ಇಲ್ಲ. ಹುಡುಗಿಯರು ಶಾಲೆ ಬಿಡುವುದು ಇದರಿಂದ ಎಂದು ಈಗ ವರದಿಗಳಲ್ಲಿ ಬರೆಯುತ್ತಾರೆ. ಕೋಸಬಾಡದಲ್ಲಿ ಶಿಶುಗಳನ್ನು ನೋಡಿಕೊಳ್ಳುವ ಪಾಲನಾಘರ್, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೇ ಆವರಣದಲ್ಲಿ ಕೂಡಿಸಿದರು. ಅಕ್ಕ ಕೂಸನ್ನು ಪಾಲನಾಘರ್‌ನಲ್ಲಿ ಬಿಟ್ಟು, ತಮ್ಮನನ್ನು ಬಾಲವಾಡಿಗೆ ಬಿಟ್ಟು, ತಾನು ತರಗತಿಗೆ ಹೋಗಿ ಕೂತಳು. ಮಧ್ಯೆ ಎದ್ದು ಬಂದು ಕೂಸನ್ನು ನೋಡಿಕೊಂಡು ಹೋಗಬಹುದು. ಇದಕ್ಕೆ ವಿಕಾಸವಾಡಿ ಎಂದು ಹೆಸರು. ಕೇಳಲು ಎಷ್ಟು ಸಾಮಾನ್ಯ! ಆದರೆ ಶಿಕ್ಷಣ ಇಲಾಖೆಗಳ ಲೆಕ್ಕದಲ್ಲಿ ಮೂರು ವರ್ಷದೊಳಗಿನ ಕೂಸು, ಐದು ವರ್ಷದ ತಮ್ಮ, ಎಂಟು ವರ್ಷದ ಅಕ್ಕ ಬೇರೆ ಬೇರೆ ಕಡತಗಳು. ತಾರಾಬಾಯಿ ನೋಡಿದ್ದು ಒಂದೇ ಮನೆಯ ಮೂರು ಮಕ್ಕಳನ್ನು.

ಹುಡುಗರ ತೊಂದರೆ ಬೇರೆ. ಅವರು ದನ ಮೇಯಿಸಲು ಹೋಗುವವರು. ದನ ಬಿಟ್ಟು ಬಂದರೆ ಮನೆಗೆ ಆ ದಿನದ ಆದಾಯ ಇಲ್ಲ, ದನ ಯಾರದೋ ಬೆಳೆಗೆ ನುಗ್ಗಿದರೆ ಪೆಟ್ಟು ಬೇರೆ. ಅವರಿಗೆ ಕುರಣಶಾಳಾ ಮಾಡಿದರು. ಕುರಣ ಎಂದರೆ ಹುಲ್ಲುಗಾವಲು. ಸ್ಲೇಟು, ಪುಸ್ತಕ ಹೊತ್ತ ಶಿಕ್ಷಕ ದನಗಳ ಹಿಂದೆಯೇ ಹುಲ್ಲುಗಾವಲಿಗೆ ಹೋಗಿ, ಮರದ ಕೆಳಗೆ ಪಾಠ ಹೇಳುವುದು. ಹುಡುಗ ಒಂದು ಕಣ್ಣು ಅಕ್ಷರದ ಮೇಲೆ, ಒಂದು ಕಣ್ಣು ಎಮ್ಮೆಯ ಮೇಲೆ ಇಟ್ಟು ಕಲಿಯಬೇಕು. ಹಗಲೆಲ್ಲ ಕೂಲಿಗೆ ಹೋಗುವ ದೊಡ್ಡವರಿಗೆ ರಾತ್ರಿ ಶಾಲೆ. ಮುಂಬಯಿಯಲ್ಲಿ ಹೊಟೇಲಿನಲ್ಲಿ ದುಡಿಯುತ್ತ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದ ಹಿರಿಯರು ನಮ್ಮ ಸಂಘದಲ್ಲೇ ಇದ್ದಾರೆ. ದುಡಿಯುವವನ ಹೊತ್ತಿಗೆ ಶಾಲೆ ಹೊಂದಿಕೊಂಡರೆ ಏನಾಗುತ್ತದೆಂದು ಅವರನ್ನು ಕೇಳಬೇಕು.

1962ರಲ್ಲಿ ತಾರಾಬಾಯಿಯವರಿಗೆ ಪದ್ಮಭೂಷಣ ಬಂತು. 1973ರ ಆಗಸ್ಟ್ 31ರಂದು ತೀರಿಕೊಂಡರು. ಅದು ಮಾರಿಯಾ ಮಾಂಟೆಸರಿಯವರ ಹುಟ್ಟಿದ ದಿನವೂ ಹೌದು. ಅನುತಾಯಿ 1992ರಲ್ಲಿ ತೀರಿಕೊಳ್ಳುವವರೆಗೆ ಕೋಸಬಾಡದ ಕೆಲಸ ಬಿಡಲಿಲ್ಲ.

ತಾರಾಬಾಯಿ ಹೋದ ಎರಡು ವರ್ಷಕ್ಕೆ, 1975ರ ಗಾಂಧಿ ಜಯಂತಿಯ ದಿನ, ಕೇಂದ್ರ ಸರ್ಕಾರ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭಿಸಿತು. ಆರು ವರ್ಷದೊಳಗಿನ ಮಕ್ಕಳು, ಬಸುರಿ ಬಾಣಂತಿಯರು, ಅವರಿಗೆ ಊಟ, ಲಸಿಕೆ, ಪಾಠ ಎಲ್ಲ ಒಂದೇ ಕಡೆ. ಆ ಕೇಂದ್ರಗಳಿಗೆ ಇಟ್ಟ ಹೆಸರು ಅಂಗನವಾಡಿ. ಮೊದಲ ಹಂತದಲ್ಲಿ ದೇಶದಲ್ಲೆಲ್ಲ ಸೇರಿ 33 ಕಡೆ ಮಾತ್ರ. ಕರ್ನಾಟಕದಲ್ಲಿ ಅದು ಆರಂಭವಾದದ್ದು ನಮ್ಮ ತಿ. ನರಸೀಪುರದಲ್ಲಿ. ಮಾರಮ್ಮನ ಗುಡಿಯ ಜಗುಲಿಗೆ ಟೀಚರು ಬಂದದ್ದು ಹಾಗೆ.

ಒಂದು ಮಾತು ಹೇಳದೆ ಇರಲಾರೆ. ಬೋರ್ಡಿಯಲ್ಲಿ ಅಂಗಳ ಗುಡಿಸುತ್ತಿದ್ದವಳು ತರಬೇತಾದ ಶಿಕ್ಷಕಿ. ಆ ಕೆಲಸಕ್ಕೆ ಓದು ಬೇಕು, ಗೌರವ ಬೇಕು ಎಂದು ತಾರಾಬಾಯಿ ಬಾಳಿನುದ್ದಕ್ಕೂ ತರಬೇತಿ ಶಾಲೆ ನಡೆಸಿದರು. ಇವತ್ತು ಅಂಗನವಾಡಿ ಕಾರ್ಯಕರ್ತೆಗೆ ಸಿಗುವುದು ಸಂಬಳವಲ್ಲ, ಗೌರವಧನ. ಅದನ್ನು ಹೆಚ್ಚಿಸಿ ಎಂದು ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲೂ ಮುಂಬಯಿಯ ಆಜಾದ್ ಮೈದಾನದಲ್ಲೂ ಕೂರುವುದನ್ನು ಟಿ.ವಿ.ಯಲ್ಲಿ ನೋಡುತ್ತೇವೆ. ಪಾಠದ ಜೊತೆಗೆ ಗಣತಿ, ಸರ್ವೆ, ರಿಜಿಸ್ಟರು, ಮೊಬೈಲಿನಲ್ಲಿ ದಾಖಲೆ. ಹುಣಸೆಬೀಜ ಎಣಿಸಲು ಅವರಿಗೆ ಸಮಯ ಎಲ್ಲಿ?

ಇನ್ನು ನಮ್ಮ ಮನೆಯ ವಿಷಯ. ನಮ್ಮ ವೇದಿಕೆ ನಡೆಸುವ ಭಾನುವಾರದ ಕನ್ನಡ ಕಲಿಕಾ ತರಗತಿ ಎಲ್ಲರಿಗೂ ಗೊತ್ತು. 22 ಮಕ್ಕಳಿಂದ ಶುರುವಾದದ್ದು ಕಳೆದ ವರ್ಷ 5ಕ್ಕೆ ಇಳಿಯಿತು. ಕಾರ್ಯಕಾರಿ ಸಭೆಯಲ್ಲಿ ನಾನೇ ಎದ್ದು ನಿಂತು, ಪೋಷಕರಿಗೆ ಕನ್ನಡದ ಮೇಲೆ ಅಭಿಮಾನ ಸತ್ತುಹೋಗಿದೆ ಎಂದು ಜೋರಾಗಿ ಮಾತಾಡಿದ್ದೆ. ಚಪ್ಪಾಳೆಯೂ ಬಿತ್ತು. ತಾರಾಬಾಯಿ ಬಗ್ಗೆ ಓದಿದ ಮೇಲೆ ಆ ಚಪ್ಪಾಳೆ ನೆನೆದರೆ ಕಿವಿ ಬಿಸಿಯಾಗುತ್ತದೆ. ಬಾರದ ಮಕ್ಕಳ ಮನೆಗೆ ನಾನು ಒಂದು ಸಲವೂ ಹೋಗಿ ನೋಡಿರಲಿಲ್ಲ.

ಈ ಮಳೆಗಾಲ ಮುಗಿದ ಮೇಲೆ ಹೋದೆ. ಒಬ್ಬ ತಾಯಿಗೆ ಭಾನುವಾರವೂ ಡ್ಯೂಟಿ. ಇನ್ನೊಬ್ಬರ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಬಿಟ್ಟು ಬರುವಂತಿಲ್ಲ. ಕಾಂದಿವಲಿಯ ಮೂರು ಮನೆಗಳಿಂದ ಸಂಘದ ಹಾಲಿಗೆ ಬರಬೇಕಾದರೆ ಒಂದು ಟ್ರೇನು, ಒಂದು ರಿಕ್ಷಾ. ಹೋಗಿಬರಲು ಆಗುವ ಖರ್ಚು ಕೇಳಿ ನಾನು ಬಾಯಿ ಮುಚ್ಚಿಕೊಂಡೆ. ಅಭಿಮಾನ ಸತ್ತ ಮನೆ ನನಗೆ ಒಂದೂ ಸಿಗಲಿಲ್ಲ. ಕಾಂದಿವಲಿಯ ಆ ಬಿಲ್ಡಿಂಗಿನ ಕೆಳಗೆ, ಕಾರು ನಿಲ್ಲಿಸುವ ಜಾಗದ ಪಕ್ಕ, ಮಕ್ಕಳು ಸೈಕಲ್ಲು ಹೊಡೆಯುವ ಸ್ವಲ್ಪ ಬಯಲಿದೆ. ಸೊಸೈಟಿಯ ಸೆಕ್ರೆಟರಿ ಗುಜರಾತಿಯವರು. ಗಿಜುಭಾಯಿಯವರ ಹೆಸರು ಹೇಳಿದ್ದೇ ತಡ, ಚಾವಿ ತೆಗೆದು ಮೂಲೆಯ ನಲ್ಲಿಯನ್ನೂ ಬಿಟ್ಟುಕೊಟ್ಟರು.

ಈಗ ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನು ಚಾಪೆ, ಒಂದು ಡಬ್ಬಿ ಹುಣಸೆಬೀಜ ಹಿಡಿದುಕೊಂಡು ಅಲ್ಲಿಗೆ ಹೋಗುತ್ತೇನೆ. ಹೋದ ವಾರ ಎಂಟು ಮಕ್ಕಳು, ಅವರಲ್ಲಿ ಇಬ್ಬರು ಕನ್ನಡದವರಲ್ಲ, ಸುಮ್ಮನೆ ಬಂದು ಕೂತವರು. ಒಬ್ಬಳು ತಮ್ಮನನ್ನು ಎತ್ತಿಕೊಂಡೇ ಬಂದಿದ್ದಳು. ದಹಿಸರ್ ಕಡೆಯ ಗೆಳತಿಯರಲ್ಲಿ ಯಾರಿಗಾದರೂ ತಮ್ಮ ಬಿಲ್ಡಿಂಗಿನ ಕೆಳಗೆ ಇಷ್ಟು ಜಾಗ ಸಿಗುವಂತಿದ್ದರೆ ನನಗೆ ಫೋನ್ ಮಾಡಿ. ಬೀಜ ನನ್ನ ಹತ್ತಿರ ಇನ್ನೂ ಇದೆ, ಹೋದ ಸಲ ಊರಿಂದ ಬರುವಾಗ ಎರಡು ಸೇರು ತಂದಿದ್ದೇನೆ.